ದಸರೆಗೆ ಬರಲೇ, ಹುತ್ತರಿಗೆ ಬರಲೇ, ಕಾಫಿ ಹೂವಿಗೆ ಬರಲೇ?

ಎಲ್ಲರಿಗೂ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಶುಭಾಶಯಗಳು.

ಗದ್ದೆಯ ನಾಟಿ ಮುಗಿಯಿತು. ನಿನ್ನೆ, ಸೆಪ್ಟೆಂಬರ್ 3ರಂದು, ಕೋವಿ, ಒಡಿಕತ್ತಿಗಳನ್ನು ಒರೆಸಿ ದೀಪದ ಮುಂದಿಟ್ಟು, ತೋಕ್ ಪೂ ಸಿಕ್ಕಿಸಿ ಕೈಮುಗಿದೆವು. ಬಯಲುಸೀಮೆಯವರು ಅಗ್ನಿಶಿಖೆ ಅನ್ನುವ ಹೂವೇ ನಮ್ಮ ತೋಕ್ ಪೂ. ಬೇಲಿಗಳಲ್ಲಿ ಹಬ್ಬದ ಹೊತ್ತಿಗೆ ಸರಿಯಾಗಿ ಅರಳುತ್ತದೆ. ಒಲೆಯ ಮೇಲೆ ಅಕ್ಕಿ ಉಂಡೆ ಕಡಂಬುಟ್ಟು ಇನ್ನೂ ಬೇಯುತ್ತಿತ್ತು, ಅಷ್ಟರಲ್ಲಿ ಫೋನು ಶುರುವಾಯಿತು. "ಅಕ್ಕಾ, ದಸರಾ ರಜೆಗೆ ಬರೋದಾ, ಕ್ರಿಸ್‌ಮಸ್‌ಗೆ ಬರೋದಾ?" "ಆಂಟಿ, ಕಾಫಿ ಹೂ ಯಾವ ತಾರೀಖು ಬಿಡುತ್ತೆ?" "ಮೇಡಂ, ನಮ್ಮತ್ತೆಗೆ ತಲಕಾವೇರಿ ನೋಡಬೇಕಂತೆ, ಜನ ಇಲ್ಲದ ದಿನ ಹೇಳಿ."

ಪ್ರತಿ ವರ್ಷ ಈ ತಿಂಗಳಲ್ಲಿ ಬರುವ ಪ್ರಶ್ನೆಗಳೇ ಇವು. ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಕೆಳಗೆ, ನಾವು ವಾಸವಿರುವ ಮನೆಯಲ್ಲೇ ನಾಲ್ಕು ಕೋಣೆಗಳನ್ನು ಹನ್ನೆರಡು ವರ್ಷದಿಂದ ಬಂದವರಿಗೆ ಕೊಡುತ್ತಿದ್ದೇವೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಐದು ನಿಮಿಷ ಹೇಳುವುದನ್ನು ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮಲ್ಲಿಗೇ ಬರಬೇಕೆಂದಿಲ್ಲ, ಕೊಡಗಿನ ಯಾವ ಹೋಂಸ್ಟೇಗೆ ಹೋಗುವುದಾದರೂ ಇದು ನಿಮಗೆ ಉಪಯೋಗಕ್ಕೆ ಬರಲಿ.

ತಿಂಗಳು ಆರಿಸುವ ಮುಂಚೆ

ಮೊದಲನೆಯದು, ನಿಮ್ಮ ರಜೆ ಗಟ್ಟಿಯೋ ಸಡಿಲವೋ? ಮಕ್ಕಳ ಶಾಲೆ, ಆಫೀಸಿನ ಲೀವು ಎಂದು ತಾರೀಖು ಮೊದಲೇ ನಿಂತುಹೋಗಿದೆಯೋ, ಇಲ್ಲ ಎರಡು ದಿನದ ಮುಂಚೆ ಹೇಳಿದರೆ ಹೊರಟು ಬರಬಲ್ಲಿರೋ? ಉಳಿದೆಲ್ಲಕ್ಕಿಂತ ನಾನು ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಕೊಡಗಿನಲ್ಲಿ ನೋಡಲೇಬೇಕಾದ ಕೆಲವು ಸಂಗತಿಗಳು ಕ್ಯಾಲೆಂಡರಿಗೆ ಸಿಗುವುದಿಲ್ಲ. ಕಾಫಿ ಹೂವು ಮಳೆ ನೋಡಿ ಅರಳುತ್ತದೆ, ಹೊಸ ಭತ್ತದ ಹಬ್ಬ ಹುತ್ತರಿ, ಹುಣ್ಣಿಮೆ ಮತ್ತು ನಕ್ಷತ್ರ ನೋಡಿ ಬರುತ್ತದೆ. ತಾರೀಖು ಗಟ್ಟಿಯಿರುವವರು ಇವನ್ನೇ ನೆಚ್ಚಿಕೊಂಡು ಬಂದರೆ ಬೇಸರಪಟ್ಟು ಹೋಗುತ್ತಾರೆ. ಅವರಿಗೆ ಬೇರೆ ತಿಂಗಳುಗಳಿವೆ.

ಎರಡನೆಯದು, ಜೊತೆಗೆ ಯಾರು ಬರುತ್ತಿದ್ದಾರೆ? ಮೊಣಕಾಲು ನೋವಿನ ಅಜ್ಜಿ, ಕೈಗೂಸು, ಸಕ್ಕರೆ ಕಾಯಿಲೆಯ ಅಪ್ಪ, ಒಂದು ಕಡೆ ಕೂರದ ಹತ್ತು ವರ್ಷದ ಹುಡುಗ, ಇವರೆಲ್ಲರಿಗೂ ಒಂದೇ ತಿಂಗಳು ಹೊಂದುವುದಿಲ್ಲ. ಮೂರನೆಯದು, ಸುತ್ತಬೇಕೋ ಕೂರಬೇಕೋ? ಅಬ್ಬಿ ಜಲಪಾತ, ದುಬಾರೆ, ನಿಸರ್ಗಧಾಮ, ರಾಜಾಸೀಟು ಎಂದು ಪಟ್ಟಿ ಹಿಡಿದು ಬರುವವರಿಗೆ ಒಣ ರಸ್ತೆ ಬೇಕು. ಜಗಲಿಯಲ್ಲಿ ಕೂತು ಮಳೆ ನೋಡುವವರಿಗೆ ಬೇಡ. ಆಮೇಲೆ ದುಡ್ಡು.

ದುಡ್ಡಿನ ವಿಚಾರ ಬಿಚ್ಚಿ ಹೇಳುತ್ತೇನೆ. ನಮ್ಮಲ್ಲಿ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ ದಿನಕ್ಕೆ ಒಬ್ಬರಿಗೆ ಮಳೆಗಾಲದಲ್ಲಿ 1,500 ರೂಪಾಯಿ, ಸಾಮಾನ್ಯ ದಿನಗಳಲ್ಲಿ ಮತ್ತು ಹುತ್ತರಿಗೆ 2,000, ಡಿಸೆಂಬರ್ 24ರಿಂದ ಜನವರಿ 1ರವರೆಗೆ 3,000. ಬೇರೆ ಮನೆಗಳಲ್ಲಿ ಅಂಕಿ ಬೇರೆಯಿರಬಹುದು, ಏರಿಳಿತ ಮಾತ್ರ ಹೆಚ್ಚುಕಡಿಮೆ ಇದೇ. ಕೊಡಗಿನ ಹೋಂಸ್ಟೇಗಳಲ್ಲಿ ಕೋಣೆಗೆ ಇಷ್ಟು ಅನ್ನುವುದಕ್ಕಿಂತ ತಲೆಗೆ ಇಷ್ಟು ಎಂದು ಹೇಳುವ ರೂಢಿ ಜಾಸ್ತಿ. ಫೋನಿನಲ್ಲಿ ದರ ಕೇಳಿದಾಗ ಅದು ಯಾವ ಲೆಕ್ಕ, ಊಟ ಸೇರಿದೆಯಾ, ಮಕ್ಕಳಿಗೆ ಎಷ್ಟು ಎಂದು ಆಗಲೇ ಕೇಳಿಬಿಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಎಂದೂ ಕೇಳಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ದಸರಾ ಮತ್ತು ತುಲಾ ಸಂಕ್ರಮಣ

ಹತ್ತಿರದಲ್ಲಿರುವುದು ಇದು. ಮಳೆ ಇಳಿದಿರುತ್ತದೆ, ಹಸಿರು ಇಳಿದಿರುವುದಿಲ್ಲ. ಜಲಪಾತಗಳಲ್ಲಿ ನೀರಿರುತ್ತದೆ, ಗದ್ದೆಯಲ್ಲಿ ಭತ್ತ ಎದ್ದು ನಿಂತಿರುತ್ತದೆ. ಶಾಲೆಗಳಿಗೆ ರಜೆ. ಯಾವ ತೊಂದರೆಯೂ ಬೇಡ, ಒಂದು ಸಲ ಕೊಡಗು ನೋಡಿದರೆ ಸಾಕು ಅನ್ನುವ ಮನೆಮಂದಿಗೆ ಅಕ್ಟೋಬರಿಗಿಂತ ಒಳ್ಳೆಯ ತಿಂಗಳಿಲ್ಲ. ಆದರೆ ಅಕ್ಟೋಬರಿನ ಯಾವ ವಾರ ಅನ್ನುವುದು ಮುಖ್ಯ.

ಮಡಿಕೇರಿ ದಸರಾ ನೋಡಲೇಬೇಕಾದ್ದು ವಿಜಯದಶಮಿ ರಾತ್ರಿ. ನಾಲ್ಕು ಶಕ್ತಿ ದೇವತೆಗಳ ಕರಗದಿಂದ ಶುರುವಾದ ಹಬ್ಬ ಆ ರಾತ್ರಿ ಹತ್ತು ಮಂಟಪಗಳ, ಅಂದರೆ ಪುರಾಣದ ಕಥೆ ತೋರಿಸುವ ಸ್ತಬ್ಧಚಿತ್ರಗಳ, ಮೆರವಣಿಗೆಯಲ್ಲಿ ಮುಗಿಯುತ್ತದೆ. ಮೈಸೂರಿನ ಮೆರವಣಿಗೆ ಹಗಲಿನದು, ನಮ್ಮದು ರಾತ್ರಿಯಿಡೀ ನಡೆದು ಬೆಳಗಿನ ಜಾವ ತಲುಪುತ್ತದೆ. ಮಂಟಪದ ಮೂರ್ತಿಗಳು ಕೈ ಎತ್ತುತ್ತವೆ, ತಲೆ ಕಡಿಯುತ್ತವೆ, ಹೊಗೆ ಉಗುಳುತ್ತವೆ. ಸದ್ದು, ಬೆಳಕು, ಜನಜಂಗುಳಿ. ಇಪ್ಪತ್ತು ವರ್ಷದ ಮಕ್ಕಳು ಹುಚ್ಚೆದ್ದು ನೋಡುತ್ತಾರೆ. ಕೈಗೂಸಿನ ತಾಯಿ ಒಂದು ಗಂಟೆಯಲ್ಲಿ ಸುಸ್ತಾಗುತ್ತಾಳೆ. ಇದನ್ನು ನೋಡುವುದಾದರೆ ಆ ಒಂದು ರಾತ್ರಿ ಮಡಿಕೇರಿ ಪೇಟೆಯೊಳಗೆ, ನಡೆದು ಹೋಗುವಷ್ಟು ಹತ್ತಿರ ರೂಮು ಮಾಡಿ. ನಮ್ಮಂಥ ನಲವತ್ತು ಕಿಲೋಮೀಟರ್ ದೂರದ ಮನೆಯಲ್ಲಿ ಉಳಿದು ಅಲ್ಲಿಗೆ ಹೋಗಿಬರುವುದು ಬೇಡ. ಪೇಟೆಯ ರಸ್ತೆಗಳು ವಾಹನಕ್ಕೆ ಮುಚ್ಚಿರುತ್ತವೆ, ಕಾರು ಎಲ್ಲೋ ನಿಲ್ಲಿಸಿ, ನಡುರಾತ್ರಿ ನಿದ್ದೆಗಣ್ಣಲ್ಲಿ ತಿರುವು ರಸ್ತೆಯಲ್ಲಿ ವಾಪಸು ಬರಬೇಕಾಗುತ್ತದೆ. ಮೆರವಣಿಗೆ ಬೇಡ, ಊರು ಮಾತ್ರ ಸಾಕು ಅನ್ನುವವರು ವಿಜಯದಶಮಿಯ ಆಚೀಚೆ ಎರಡೆರಡು ದಿನ ಬಿಟ್ಟು ಬನ್ನಿ.

ಸಾಮಾನ್ಯವಾಗಿ ಅಕ್ಟೋಬರ್ 17ರಂದು ತುಲಾ ಸಂಕ್ರಮಣ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ, ಕುಂಡಿಕೆಯಲ್ಲಿ, ಅಂದರೆ ತೀರ್ಥದ ಪುಟ್ಟ ಕೊಳದಲ್ಲಿ, ಕಾವೇರಿ ಉಕ್ಕಿ ಬರುವ ಗಳಿಗೆ. ಗಳಿಗೆಯನ್ನು ಮುಂಚೆಯೇ ಹೇಳುತ್ತಾರೆ, ಒಂದು ವರ್ಷ ಹಗಲು ಬಂದರೆ ಇನ್ನೊಂದು ವರ್ಷ ನಡುರಾತ್ರಿ. ಆ ಗಳಿಗೆಯಲ್ಲೇ ಕುಂಡಿಕೆಯ ಮುಂದೆ ನಿಲ್ಲಬೇಕು ಎಂದು ವ್ರತದಂತೆ ಬರುವವರಿದ್ದಾರೆ, ಅವರಿಗೆ ನಾನೇನು ಹೇಳಲಿ, ಬನ್ನಿ ಎಂದಷ್ಟೇ. ವಯಸ್ಸಾದವರನ್ನು ಕರೆತರುವವರಿಗೆ ಮಾತ್ರ ಒಂದು ಕಿವಿಮಾತು. ನಮಗೆ ತುಲಾ ಮಾಸ ಪೂರ್ತಿ ಕಾವೇರಿಯ ಹಬ್ಬವೇ. ಕಿರು ಸಂಕ್ರಮಣದವರೆಗೂ, ಅಂದರೆ ನವೆಂಬರ್ ಮಧ್ಯದವರೆಗೂ, ಜನ ಹೋಗಿ ತೀರ್ಥ ತರುತ್ತಾರೆ. ಸಂಕ್ರಮಣ ಕಳೆದು ಹತ್ತು ದಿನವಾದ ಮೇಲೆ ಒಂದು ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಏಳಕ್ಕೆ ಭಾಗಮಂಡಲ ತಲುಪಿ. ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನಿಗೆ ಕೈಮುಗಿದು, ಎಂಟು ಕಿಲೋಮೀಟರ್ ಮೇಲೆ ತಲಕಾವೇರಿಗೆ ಹೋದರೆ ಅತ್ತೆಯವರು ಅವಸರವಿಲ್ಲದೆ ಮೆಟ್ಟಿಲು ಹತ್ತಬಹುದು. ನನ್ನ ಅಮ್ಮನನ್ನು ನಾನು ಹೀಗೆಯೇ ಕರೆದುಕೊಂಡು ಹೋಗುತ್ತಿದ್ದೆ. ಸಂಕ್ರಮಣದ ದಿನ ನಮ್ಮ ಮನೆಯಲ್ಲಿ ಕಣಿಪೂಜೆ. ತೆಂಗಿನಕಾಯಿಗೆ ಕೆಂಪು ಬಟ್ಟೆ ಸುತ್ತಿ, ಒಡವೆ ಹಾಕಿ ಕಾವೇರಮ್ಮ ಎಂದು ಕೂರಿಸುತ್ತೇವೆ. ಅಂದು ಮನೆಯಲ್ಲಿ ಮಾಂಸ ಮಾಡುವುದಿಲ್ಲ, ದೋಸೆ ಮತ್ತು ಕುಂಬಳಕಾಯಿ ಪಲ್ಯ. ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಸಿಗುತ್ತದೆಂದು ಆ ದಿನ ಬಂದವರಿಗೆ ನಿರಾಸೆಯಾಗಬಾರದೆಂದು ಹೇಳುತ್ತಿದ್ದೇನೆ.

ಹುತ್ತರಿ

ನನ್ನ ಮಟ್ಟಿಗೆ ಕೊಡಗಿಗೆ ಬರಬೇಕಾದ ದಿನ ಇದು. ಇದಕ್ಕೆ ಎಲ್ಲರನ್ನೂ ಕರೆಯಲಾರೆ, ಯಾಕೆ ಎಂದು ಹೇಳುತ್ತೇನೆ.

ಹುತ್ತರಿಯನ್ನು ನಾವು ಪುತ್ತರಿ ಅನ್ನುತ್ತೇವೆ, ಅಂದರೆ ಹೊಸ ಅಕ್ಕಿ. ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದ ನಡುವೆ, ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿ ದಿನ ಇಡುತ್ತಾರೆ. ಇಡುವುದು ನಮ್ಮ ಊರಿನ ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ. ನೆರೆ, ಅಂದರೆ ಬಗೆಬಗೆಯ ಎಲೆಗಳ ಕಟ್ಟು, ಕಟ್ಟುವುದಕ್ಕೆ ಇಷ್ಟು ಗಂಟೆ, ಭತ್ತದ ತೆನೆ, ನಮ್ಮ ಮಾತಿನಲ್ಲಿ ಕದಿರು, ತೆಗೆಯುವುದಕ್ಕೆ ಇಷ್ಟು ಗಂಟೆ, ಊಟಕ್ಕೆ ಇಷ್ಟು ಗಂಟೆ ಎಂದು ಅಲ್ಲಿಂದಲೇ ಹೊರಡುತ್ತದೆ. ಸಂಜೆ ಕುಟುಂಬದವರೆಲ್ಲ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸೇರುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಸೈನ್ಯದಲ್ಲಿ ರಜೆ ಸಿಕ್ಕವರು, ವರ್ಷವಿಡೀ ಮುಖ ನೋಡದ ದಾಯಾದಿಗಳು, ಎಲ್ಲರೂ. ದೀಪ ಹಿಡಿದು ಬೆಳದಿಂಗಳಲ್ಲಿ ಸಾಲಾಗಿ ಗದ್ದೆಗೆ ಇಳಿಯುತ್ತೇವೆ. ಮೊದಲ ಕದಿರು ಕೊಯ್ಯುವಾಗ ಕೋವಿಯ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಎಂದು ಎಲ್ಲರೂ ಕೂಗುತ್ತೇವೆ. ಒಂದು ಗದ್ದೆಯಲ್ಲಿ ಕೂಗಿದ್ದಕ್ಕೆ ಆಚೆ ಬೆಟ್ಟದ ಗದ್ದೆಯಿಂದ ಉತ್ತರ ಬಂದ ಹಾಗೆ ಇಡೀ ನಾಡು ಕೂಗುತ್ತದೆ. ನನಗೆ ಈಗ ಐವತ್ತಾರು. ಇಂದಿಗೂ ಆ ಕೂಗು ಕೇಳಿದರೆ ಕಣ್ಣು ಒದ್ದೆಯಾಗುತ್ತದೆ.

ಕದಿರನ್ನು ಮನೆಗೆ ತಂದು ಕಂಬ, ಬಾಗಿಲು, ಜೀಪು, ಎಲ್ಲದಕ್ಕೂ ಕಟ್ಟುತ್ತೇವೆ. ಪಾಯಸಕ್ಕೆ ಹೊಸ ಅಕ್ಕಿಯ ಕಾಳು ಬೀಳುತ್ತದೆ. ಊಟಕ್ಕೆ ಹುತ್ತರಿ ಗೆಣಸು ಇರುತ್ತದೆ. ಮಾಗಿದ ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಎಳ್ಳು, ತೆಂಗಿನತುರಿ, ತುಪ್ಪ ಕಲಸಿದ ತಂಬುಟ್ಟು ಇರುತ್ತದೆ. ಮುಂದಿನ ದಿನಗಳಲ್ಲಿ ಊರಿನ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ.

ಈಗ ತೊಂದರೆಗಳು. ನೀವು ಬರುವುದು ನಮ್ಮ ಮನೆಯ ಹಬ್ಬಕ್ಕೆ, ಹೋಟೆಲಿನ ಕಾರ್ಯಕ್ರಮಕ್ಕಲ್ಲ. ಆ ರಾತ್ರಿ ನಿಮಗೆ ಬೇರೆ ಅಡುಗೆ, ಬೇರೆ ಹೊತ್ತಿನ ಊಟ ಕೊಡಲಾಗುವುದಿಲ್ಲ. ಮುಹೂರ್ತ ತಡವಾಗಿದ್ದರೆ ಊಟವೂ ತಡ. ಸಕ್ಕರೆ ಕಾಯಿಲೆಯವರು ಇದನ್ನು ಮೊದಲೇ ಹೇಳಿ, ಅವರಿಗೆ ಎಂಟು ಗಂಟೆಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಪಲ್ಯ ಇಟ್ಟಿರುತ್ತೇನೆ. ಗುಂಡಿನ ಸದ್ದಿಗೆ ಬೆಚ್ಚುವ ಕೂಸಿದ್ದರೆ ಬೇಡ. ಗದ್ದೆಯ ಬದು ಇಬ್ಬನಿಯಲ್ಲಿ ಜಾರುತ್ತದೆ, ಕೋಲು ಹಿಡಿದು ನಡೆಯುವವರು ಅಂಗಳದಲ್ಲೇ ಉಳಿಯಬೇಕು. ಅಂಗಳಕ್ಕೂ ಕದಿರು ಬರುತ್ತದೆ, ಏನೂ ಕಳೆದುಕೊಳ್ಳುವುದಿಲ್ಲ. ಫೋಟೋ ತೆಗೆಯುವ ಮುಂಚೆ ಮನೆಯ ಹಿರಿಯರನ್ನು ಕೇಳಿ. ದೀಪದ ಮುಂದೆ ಚಪ್ಪಲಿ ಬೇಡ. ಒಂದು ವರ್ಷ ಬಂದ ತಂಡವೊಂದು ನಾವು ಗದ್ದೆಯಲ್ಲಿರುವಾಗ ಕೋಣೆಯಲ್ಲಿ ಜೋರಾಗಿ ಹಾಡು ಹಾಕಿಕೊಂಡು ಕೂತಿತ್ತು. ನಮ್ಮ ದೊಡ್ಡಪ್ಪ ಕದಿರು ಹಿಡಿದು ಬಾಗಿಲಲ್ಲಿ ಎಷ್ಟೋ ಹೊತ್ತು ಸುಮ್ಮನೆ ನಿಂತರು. ಅಂದಿನಿಂದ ಹುತ್ತರಿಗೆ ಎರಡೇ ಕೋಣೆ ಕೊಡುತ್ತೇನೆ. ಅದೂ ಒಮ್ಮೆಯಾದರೂ ಬಂದು ಹೋದವರಿಗೆ, ಇಲ್ಲವೇ ಫೋನಿನಲ್ಲಿ ಚೆನ್ನಾಗಿ ಮಾತಾಡಿದವರಿಗೆ. ದರ ಏರಿಸುವುದಿಲ್ಲ. ಹಬ್ಬಕ್ಕೆ ಬಂದವರಿಂದ ಹೆಚ್ಚು ತೆಗೆದುಕೊಳ್ಳುವುದು ನಮ್ಮ ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ.

ಹೊಸಬರಿಗೆ ಇದರಲ್ಲೇ ಇನ್ನೊಂದು ದಾರಿಯಿದೆ. ಹುತ್ತರಿ ರಾತ್ರಿ ಬಿಟ್ಟು, ಅದರ ನಂತರದ ಮೂರು ನಾಲ್ಕು ದಿನಗಳಲ್ಲಿ ಬನ್ನಿ. ಕೋಲಾಟ ನೋಡಬಹುದು, ತಂಬುಟ್ಟು ಇನ್ನೂ ಇರುತ್ತದೆ, ಬಾಗಿಲಲ್ಲಿ ಕದಿರು ಇರುತ್ತದೆ, ನಮಗೂ ನಿಮ್ಮ ಜೊತೆ ಕೂತು ಮಾತಾಡಲು ಬಿಡುವಿರುತ್ತದೆ.

ಕ್ರಿಸ್‌ಮಸ್, ಹೊಸ ವರ್ಷ

ನಮಗೆ ಅತಿ ಹೆಚ್ಚು ದುಡ್ಡು ಬರುವ ವಾರ ಇದು. ನಿಮಗೆ ಅತಿ ಕಡಿಮೆ ಸಿಗುವ ವಾರವೂ ಇದೇ. ನಾಲ್ಕೂ ಕೋಣೆ ತುಂಬಿರುತ್ತವೆ, ಅಬ್ಬಿಯ ದಾರಿಯಲ್ಲಿ ಕಾರಿನ ಸಾಲು, ದುಬಾರೆಯಲ್ಲಿ ದೋಣಿಗೆ ಕಾಯುವ ಸಾಲು, ಮೈಸೂರಿನಿಂದ ಮಡಿಕೇರಿಗೆ ಬರುವ 120 ಕಿಲೋಮೀಟರಿಗೆ ಹೋದ ವರ್ಷ ಒಬ್ಬರು ಆರು ಗಂಟೆ ಕೂತು ಬಂದರು. ಅರೇಬಿಕಾ ಕುಯ್ಲಿನ ಹೊತ್ತಾದ್ದರಿಂದ ನಮಗೂ ಹಗಲೆಲ್ಲ ತೋಟದಲ್ಲಿ, ಕಣದಲ್ಲಿ ಕೆಲಸ.

ಹವಾಮಾನ ಚೆನ್ನಾಗಿರುತ್ತದೆ, ನಿಜ. ಬೆಳಿಗ್ಗೆ ಸ್ವೆಟರು, ಹಗಲು ಎಳೆಬಿಸಿಲು. ಆದರೆ ಅದೇ ಚಳಿ, ಅದೇ ಬಿಸಿಲು ಜನವರಿ ಎರಡನೆಯ ವಾರದಲ್ಲೂ ಇರುತ್ತದೆ. ಆಗ ನಮ್ಮಲ್ಲಿ ದರ 3,000ದಿಂದ 2,000ಕ್ಕೆ ಇಳಿದಿರುತ್ತದೆ. ನಾಲ್ಕು ಜನ ಎರಡು ರಾತ್ರಿ ಉಳಿದರೆ 8,000 ಉಳಿತಾಯ. ಜೊತೆಗೆ ರೋಬಸ್ಟಾ ಹಣ್ಣಿನ ಕುಯ್ಲು ಶುರುವಾಗಿರುತ್ತದೆ, ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಮಕ್ಕಳು ಕಾಲಿನಿಂದ ಎಳೆದಾಡಬಹುದು. ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಅಂಟಿಕೊಂಡಿದ್ದರೆ ಅದೊಂದನ್ನು ಬಿಡಿ. ಡಿಸೆಂಬರ್ 31ರ ರಾತ್ರಿ ಗೆಳೆಯರ ಜೊತೆ ಬೆಂಕಿ ಹಾಕಿಕೊಂಡು ಕುಣಿಯಬೇಕು ಅನ್ನುವವರು ರೆಸಾರ್ಟ್ ಆರಿಸಿಕೊಳ್ಳಿ. ಮನೆಯಂಥ ಹೋಂಸ್ಟೇಯಲ್ಲಿ ಹತ್ತೂವರೆಗೆ ದೀಪ ಆರುತ್ತದೆ, ಪಕ್ಕದ ಲೈನ್‌ಮನೆಯ ತೋಟದ ಕೆಲಸದವರು ಬೆಳಿಗ್ಗೆ ಕುಯ್ಲಿಗೆ ಏಳಬೇಕು. ಗಲಾಟೆ ಬೇಕಾದವರಿಗೂ ಬೇಡದವರಿಗೂ ಒಂದೇ ಮನೆಯಲ್ಲಿ ನೆಮ್ಮದಿ ಸಿಗುವುದಿಲ್ಲ.

ಕಾಫಿ ಹೂವು

ಫೆಬ್ರವರಿ, ಮಾರ್ಚ್. ಒಂದು ಒಳ್ಳೆಯ ಹೂಮಳೆ, ಹತ್ತಿರ ಹತ್ತಿರ ಒಂದು ಇಂಚು ಬಿದ್ದರೆ, ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನ ಇರುತ್ತದೆ, ಆಮೇಲೆ ಕಂದಾಗುತ್ತದೆ. ಬೆಳಗಿನ ಜಾವ ಆ ಪರಿಮಳ ಕೋಣೆಯೊಳಗೆ ಬಂದು ಎಬ್ಬಿಸುತ್ತದೆ, ಮಲ್ಲಿಗೆಯ ಹತ್ತಿರದ್ದು, ಮಲ್ಲಿಗೆಗಿಂತ ತಂಪು. ಜೇನುನೊಣದ ಸದ್ದು ತೋಟದ ತುಂಬ. ರೋಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿ ಮತ್ತು ಜೇನು ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಆ ನಾಲ್ಕು ದಿನ ಔಷಧ ಹೊಡೆಯುವುದಿಲ್ಲ, ಗಿಡ ಅಲುಗಾಡಿಸುವುದಿಲ್ಲ. ಹೂವಿನ ರೆಂಬೆ ಮುರಿದು ಮುಡಿಯಬೇಡಿ. ಒಂದೊಂದು ಹೂವೂ ಮುಂದಿನ ವರ್ಷದ ಕಾಳು.

ಮಳೆ ಬರದಿದ್ದರೆ ಕೆರೆಯಲ್ಲಿ ನೀರಿರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಹೀಗಾಗಿ ಒಬ್ಬರ ತೋಟ ಅರಳಿದಾಗ ಪಕ್ಕದವರದ್ದು ಮೊಗ್ಗಿರಬಹುದು. ಮೂರು ತಿಂಗಳ ಮುಂಚೆ ತಾರೀಖು ಹೇಳಿ ಬುಕ್ ಮಾಡುವವರಿಗೆ ನಾನು ಹೂವಿನ ಮಾತು ಕೊಡುವುದೇ ಇಲ್ಲ. ಮೈಸೂರು, ಮಂಗಳೂರು, ಹಾಸನದವರು, ಕೆಲಸದಿಂದ ನಿವೃತ್ತರಾದವರು, ಮನೆಯಿಂದಲೇ ಕೆಲಸ ಮಾಡುವವರು, ನಿಮ್ಮ ರಜೆ ಸಡಿಲವಿದ್ದರೆ ಇದು ನಿಮ್ಮದೇ ತಿಂಗಳು. ಮಳೆ ಬಿದ್ದ ರಾತ್ರಿ ನಾನು ಫೋನು ಮಾಡುತ್ತೇನೆ, ನಿಮಗೆ ತಯಾರಾಗಲು ಒಂದು ವಾರ ಸಿಗುತ್ತದೆ. ಜನಜಂಗುಳಿ ಇಲ್ಲ, ದರ ಸಾಮಾನ್ಯ. ದೂರದ ಊರಿನಿಂದ ರೈಲಿನಲ್ಲಿ ಬರುವವರು ಯೋಚಿಸಿ. ಕೊಡಗಿಗೆ ರೈಲಿಲ್ಲ, ಮೈಸೂರಿನಲ್ಲಿ ಇಳಿದು ರಸ್ತೆಯಲ್ಲೇ ಬರಬೇಕು, ಕೊನೆಗಳಿಗೆಯಲ್ಲಿ ಟಿಕೆಟ್ ಸಿಗುವುದು ಕಷ್ಟ.

ಬೆಟ್ಟ ಹತ್ತುವ ಆಸೆಯಿದ್ದರೆ ಈ ತಿಂಗಳಿಗೆ ಇಟ್ಟುಕೊಳ್ಳಬೇಡಿ. ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ, ನಮ್ಮ ಅಂಗಳದಿಂದಲೇ ಕಾಣುತ್ತದೆ. ಆದರೆ ಒಣಗಿದ ಹುಲ್ಲಿಗೆ ಬೆಂಕಿ ಬೀಳುವ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವುದುಂಟು. ಅದಕ್ಕೆ ಅಕ್ಟೋಬರ್‌ನಿಂದ ಜನವರಿ ಒಳ್ಳೆಯದು. ಹೊರಡುವ ಮುಂಚೆ ಇಲಾಖೆಯಲ್ಲಿ ವಿಚಾರಿಸಿ.

ಏಪ್ರಿಲ್, ಮೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳಿಗೆ ರಜೆ ಎಂಬ ಕಾರಣಕ್ಕೆ ಬರುತ್ತಾರೆ. ಹಗಲು ಸೆಕೆ, ಅಬ್ಬಿಯಲ್ಲಿ ನೀರು ಸಣ್ಣಗೆ. ಆದರೆ ನಾಗರಹೊಳೆಯಲ್ಲಿ ಪ್ರಾಣಿ ಕಾಣಬೇಕೆಂದರೆ ಒಣಗಾಲವೇ ಸರಿ, ನೀರಿರುವ ಕೆರೆಗಳಿಗೆ ಆನೆಗಳು ಬರುತ್ತವೆ. ಹಾಕಿ ಇಷ್ಟಪಡುವವರಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಇದೇ ಹೊತ್ತಿಗೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದದ್ದು, ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುವಷ್ಟು ಬೆಳೆದಿದೆ. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ನೋಡಲು ಅರ್ಧ ದಿನ ಇಡಿ.

ಮಳೆಗಾಲ

ಅತಿ ಅಗ್ಗ, ಅತಿ ಚಂದ, ಅತಿ ಅಪಾಯ. ಮೂರೂ ನಿಜ.

ಜುಲೈಯಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಒಲೆಯ ಹತ್ತಿರ ಕೂತು ಕಾಫಿ ಕುಡಿಯುವುದೇ ಕೆಲಸ. ಅಡುಗೆಗೆ ಆ ತಿಂಗಳಷ್ಟು ಶ್ರೀಮಂತ ತಿಂಗಳಿಲ್ಲ. ಕಣಿಲೆ (ಎಳೆ ಬಿದಿರು), ಕಾಡಿನ ಅಣಬೆ, ಕೆಸುವಿನ ಎಲೆ, ತೆರ್ಮೆ ಸೊಪ್ಪು (ಎಳೆ ಜರಿಗಿಡ), ಗದ್ದೆಯ ಏಡಿ. ನಮ್ಮ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ, ಆಗಸ್ಟ್ 3ರ ಆಸುಪಾಸು, ಮದ್ದು ಸೊಪ್ಪಿನ ಪಾಯಸ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ನೇರಳೆ ಬಣ್ಣ ಬಿಡುವ ಪಾಯಸ, ತಿಂದ ಮೇಲೆ ಮೂತ್ರವೂ ಕೆಂಪಾಗುತ್ತದೆ. ಗಾಬರಿಯಾಗಬೇಡಿ. ಸಸ್ಯಾಹಾರಿಗಳಿಗೆ ಕೊಡಗಿನ ಊಟವೆಂದರೆ ಹಂದಿಮಾಂಸ ಮಾತ್ರ ಎಂಬ ಭಾವನೆಯಿದೆ. ಅವರನ್ನು ನಾನು ಮಳೆಗಾಲಕ್ಕೇ ಕರೆಯುತ್ತೇನೆ.

ಆದರೆ 2018ರ ಆಗಸ್ಟನ್ನು ನಾವು ಮರೆತಿಲ್ಲ. ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಬೆಟ್ಟಗಳೇ ಜಾರಿದವು, ಮಡಿಕೇರಿ ಸಂಪಾಜೆ ಹೆದ್ದಾರಿ ಮುಚ್ಚಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಬೆಟ್ಟ ಕುಸಿದು ಜೀವಗಳು ಹೋದವು. ಮಳೆ ಜೋರಾದರೆ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗುತ್ತದೆ, ನಾಪೋಕ್ಲು ಕಡೆಯ ರಸ್ತೆಗಳ ಮೇಲೆ ನೀರು ಬರುತ್ತದೆ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನ ನಾನು ಬುಕಿಂಗ್ ರದ್ದು ಮಾಡಿ ಪೂರ್ತಿ ದುಡ್ಡು ವಾಪಸು ಕೊಡುತ್ತೇನೆ. ನೀವು ಹೋಗುವ ಮನೆಯವರೂ ಹಾಗೆ ಮಾಡುತ್ತಾರಾ ಎಂದು ಮುಂಗಡ ಕಳಿಸುವ ಮೊದಲೇ ಕೇಳಿ.

ಒಂದು ಜುಲೈಯಲ್ಲಿ ಮೈಸೂರಿನ ಮಗ, ಸೊಸೆ, ವಯಸ್ಸಾದ ತಾಯಿ ಬಂದಿದ್ದರು. ರಾತ್ರಿ ರಸ್ತೆಗೆ ಮರ ಬಿತ್ತು, ಕರೆಂಟು ಹೋಯಿತು, ಮೂರು ದಿನ ಬರಲಿಲ್ಲ. ಇನ್ವರ್ಟರ್ ಮೊದಲ ದಿನಕ್ಕೇ ಮುಗಿಯಿತು. ತಾಯಿಯವರು ಇನ್ಸುಲಿನ್ ತೆಗೆದುಕೊಳ್ಳುವವರೆಂದು ನನಗೆ ಗೊತ್ತಾದದ್ದು ಫ್ರಿಜ್ ನಿಂತ ಮೇಲೆ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಶೀಶೆ ಇಟ್ಟೆ, ನಮ್ಮ ಯಜಮಾನರು ಊರಿನವರನ್ನು ಸೇರಿಸಿಕೊಂಡು ಮರ ಕೊಯ್ದರು. ಎಲ್ಲ ಸರಿಹೋಯಿತು, ಆದರೆ ಆ ರಾತ್ರಿಗಳಲ್ಲಿ ನಾನು ಮಲಗಲಿಲ್ಲ. ಮಳೆಗಾಲಕ್ಕೆ ಬರುವವರನ್ನು ಔಷಧದ ವಿಚಾರ ಕೇಳದೆ ಈಗ ಬುಕ್ ಮಾಡುವುದಿಲ್ಲ. ನಿತ್ಯ ಔಷಧ, ಆಸ್ಪತ್ರೆ ಹತ್ತಿರ ಬೇಕಾದವರು ಮಳೆಗಾಲದಲ್ಲಿ ಬರಲೇಬೇಕೆಂದರೆ ಮಡಿಕೇರಿ, ಕುಶಾಲನಗರದಂಥ ಪೇಟೆಯ ಹತ್ತಿರ ಉಳಿಯಲಿ. ಗಟ್ಟಿಮುಟ್ಟಾದ ಇಬ್ಬರು, ಕೈಯಲ್ಲಿ ನಾಲ್ಕೈದು ಬಿಡುವಿನ ದಿನ, ಓದಲು ಪುಸ್ತಕ ಇದ್ದರೆ ನಮ್ಮಂಥ ಒಳಗಿನ ಊರಿಗೆ ಬನ್ನಿ. ಜಿಗಣೆ ಇರುತ್ತವೆ. ಉಪ್ಪು, ಸುಣ್ಣ, ಗಮ್‌ಬೂಟು ನಾನು ಕೊಡುತ್ತೇನೆ.

ಮಳೆಯೂ ಬೇಕು ಭಯವೂ ಬೇಡ ಅನ್ನುವವರಿಗೆ ಕೈಲ್ ಮುಹೂರ್ತದ ಆಚೀಚೆಯ ಈ ವಾರಗಳೇ ಸರಿ. ಇವತ್ತು ಬೆಳಿಗ್ಗೆ ಒಂದು ಗಂಟೆ ಮಳೆ ಬಂತು, ಆಮೇಲೆ ಬಿಸಿಲು, ಈಗ ಬೆಟ್ಟದ ಮೇಲೆ ಮಂಜು. ಮಳೆಗಾಲದ ದರವೇ ನಡೆಯುತ್ತಿದೆ.

ಕೊಡಗಿನ ಯಾವ ಕಡೆ

ತಿಂಗಳಷ್ಟೇ ಮುಖ್ಯ ದಿಕ್ಕು. ಸುತ್ತುವ ಪಟ್ಟಿ ಉದ್ದವಿದ್ದು, ಎರಡೇ ದಿನವಿದ್ದರೆ ಕುಶಾಲನಗರ, ಸುಂಟಿಕೊಪ್ಪದ ಕಡೆ ಉಳಿಯಿರಿ. ದುಬಾರೆ, ನಿಸರ್ಗಧಾಮ, ಗಡಿಯಾಚೆ ಬೈಲುಕುಪ್ಪೆಯ ಚಿನ್ನದ ದೇಗುಲ ಎಲ್ಲ ಹತ್ತಿರ, ಮಳೆಯೂ ಕಡಿಮೆ, ರಸ್ತೆಯೂ ಸಮ. ವಯಸ್ಸಾದವರಿಗೂ ಇದೇ ಒಳ್ಳೆಯದು. ನಾಗರಹೊಳೆ, ಇರ್ಪು ಜಲಪಾತ ನೋಡುವವರಿಗೆ ಕುಟ್ಟ, ಶ್ರೀಮಂಗಲ. ಮಲ್ಲಳ್ಳಿ ಜಲಪಾತಕ್ಕೆ ಸೋಮವಾರಪೇಟೆ. ಬೆಟ್ಟ, ಗದ್ದೆ, ನಾಲ್ಕುನಾಡು ಅರಮನೆ, ತಲಕಾವೇರಿ ಬೇಕಾದವರಿಗೆ ನಮ್ಮ ಕಕ್ಕಬ್ಬೆ, ನಾಪೋಕ್ಲು. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಉಳಿದರೆ ಮನೆಯವರನ್ನು ಕೇಳದೆ ಮುಂಜಾನೆ, ಸಂಜೆ ತೋಟದೊಳಗೆ ಕಾಲಿಡಬೇಡಿ. ಅಲ್ಲಿ ಕಾಡಾನೆ ತೋಟದಲ್ಲೇ ಇರುತ್ತವೆ.

ಮೊನ್ನೆ ಫೋನು ಮಾಡಿದವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ತಲಕಾವೇರಿ ನೋಡಬೇಕೆಂಬ ಅತ್ತೆಯವರು ಅಕ್ಟೋಬರ್ ಕೊನೆಯ ವಾರ ಬರಲಿ, ರಾತ್ರಿಗೆ ಮೆತ್ತಗಿನ ನೂಪುಟ್ಟು (ಒತ್ತು ಶಾವಿಗೆ) ಮಾಡಿಡುತ್ತೇನೆ. ಇಬ್ಬರು ಮಕ್ಕಳಿರುವ ದಾವಣಗೆರೆಯವರಿಗೆ ಶಾಲೆಯ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ, ಅವರು ದಸರಾ ರಜೆಯಲ್ಲೇ ಬರಲಿ, ವಿಜಯದಶಮಿ ಬಿಟ್ಟು. ಹೂ ಯಾವ ತಾರೀಖು ಎಂದು ಕೇಳಿದ ಹುಡುಗಿ ಬೆಂಗಳೂರಿನವಳು, ಲ್ಯಾಪ್‌ಟಾಪಿನಲ್ಲಿ ಕೆಲಸ. ಅವಳ ಹೆಸರು ಹೂವಿನ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ಕೇಳಿದ ಆರು ಜನ ಗೆಳೆಯರಿಗೆ ಜನವರಿ 9ರ ನಂತರ ಬನ್ನಿ ಎಂದೆ, ಯೋಚಿಸುತ್ತೇವೆ ಅಂದಿದ್ದಾರೆ.

ಈ ವರ್ಷದ ಹುತ್ತರಿ ದಿನ ಪಾಡಿಯಲ್ಲಿ ಇನ್ನೂ ಇಟ್ಟಿಲ್ಲ. ಎರಡು ಕೋಣೆಗಳಲ್ಲಿ ಒಂದು ಹಾಸನದ ಮೇಷ್ಟ್ರು ದಂಪತಿಗೆ ಹೋಗಿದೆ, ಇನ್ನೊಂದು ಉಳಿದಿದೆ. ಬೇಕಾದವರು ಎಷ್ಟು ಜನ, ಯಾವ ವಯಸ್ಸಿನವರು, ಏನು ಔಷಧ, ಮಾಂಸ ತಿನ್ನುತ್ತಾರೋ ಇಲ್ಲವೋ ಎಂದು ತಿಳಿಸಿ. ಸಂಜೆ ಏಳರ ಮೇಲೆ ಫೋನು ಮಾಡಿ, ಹಗಲು ತೋಟದಲ್ಲಿರುತ್ತೇನೆ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.